ಹುಡುಕಾಟಕ್ಕೆ ಸಿಗದ 1918

2023ರ ಆರಂಭದ ತಿಂಗಳುಗಳಲ್ಲಿ ಆಸ್ಟ್ರೇಲಿಯಾದಲ್ಲಿ ನಡೆದ ಒಂದು ಗಲಾಟೆಯನ್ನು ನಾನು ಇಲ್ಲಿ ಕುಳಿತು ಹೊಟ್ಟೆಕಿಚ್ಚಿನಿಂದ ಗಮನಿಸುತ್ತಿದ್ದೆ. ಕ್ಯಾನ್‌ಬೆರಾದ ರಾಷ್ಟ್ರೀಯ ಗ್ರಂಥಾಲಯ ನಡೆಸುವ 'ಟ್ರೋವ್' ಎಂಬ ಜಾಲತಾಣಕ್ಕೆ ಆ ಜೂನ್ ಮುಗಿದ ಮೇಲೆ ಹಣವಿಲ್ಲ ಎಂಬ ಸುದ್ದಿ ಹೊರಬಿದ್ದಿತ್ತು. ಅಲ್ಲಿ ಜನ ಎಲ್ಲಕ್ಕಿಂತ ಹೆಚ್ಚಾಗಿ ಓದುವುದು ಹಳೆಯ ಪತ್ರಿಕೆಗಳನ್ನು. ಇತಿಹಾಸದ ಪ್ರಾಧ್ಯಾಪಕರು, ಕಾದಂಬರಿಕಾರರು, ತಮ್ಮ ಮುತ್ತಜ್ಜ ಯಾವ ಹಡಗಿನಲ್ಲಿ ಬಂದಿಳಿದ ಎಂದು ಹುಡುಕುತ್ತ ಕೂರುವ ನಿವೃತ್ತರು, ಎಲ್ಲರೂ ಸಂಸತ್ತಿಗೆ ಮನವಿ ಬರೆದರು, ಪತ್ರಿಕೆಗಳಲ್ಲಿ ಜಗಳವಾಡಿದರು. ಏಪ್ರಿಲ್ ಹೊತ್ತಿಗೆ ಸರ್ಕಾರ ಮಣಿಯಿತು: ನಾಲ್ಕು ವರ್ಷಕ್ಕೆ 3.3 ಕೋಟಿ ಡಾಲರ್, ಅನಂತರ ಪ್ರತಿವರ್ಷ 92 ಲಕ್ಷ ಡಾಲರ್. ಹಳೆಯ ಪತ್ರಿಕೆ ಓದುವುದಕ್ಕೆಂದು ಒಂದು ದೇಶದ ಬಜೆಟ್ಟಿನಲ್ಲಿ ಕಾಯಂ ಜಾಗ!

ನನ್ನ ಹೊಟ್ಟೆಕಿಚ್ಚಿಗೆ ಕಾರಣವಿದೆ. ನಾನು ಕಾಲೇಜೊಂದರ ಗ್ರಂಥಪಾಲಕನಾಗಿದ್ದು ನಿವೃತ್ತನಾದವನು. ನಮ್ಮಲ್ಲಿ ಹಳೆಯ ಪತ್ರಿಕೆ ಎಂದರೆ ತಕ್ಕಡಿ. ಮೂರು ತಿಂಗಳಿಗೊಮ್ಮೆ ರದ್ದಿಯವನು ಬರುತ್ತಿದ್ದ. ಅವನು ಕೊಟ್ಟ ದುಡ್ಡಿಗೆ ರಸೀದಿ ಹರಿದು ನಗದು ಪುಸ್ತಕದಲ್ಲಿ ಜಮಾ ತೋರಿಸಬೇಕಿತ್ತು. ಆಡಿಟ್‌ನವರು ಕಿಲೋ ಲೆಕ್ಕ ಕೇಳಿದ್ದುಂಟು. ಯಾವ ಪತ್ರಿಕೆ, ಯಾವ ವರ್ಷದ್ದು ಎಂದು ಕೇಳಿದವರಿಲ್ಲ. ಬೈಂಡ್ ಮಾಡಿಸಿ ಇಟ್ಟಿದ್ದ ಒಂದಷ್ಟು ಸಂಪುಟಗಳೂ ಕಟ್ಟಡ ದುರಸ್ತಿಯ ಸಮಯದಲ್ಲಿ ಅದೇ ತಕ್ಕಡಿ ಹತ್ತಿದವು. ಅವು ಅಕ್ಸೆಷನ್ ರಿಜಿಸ್ಟರಿನಲ್ಲಿ ನಮೂದಾಗಿರಲಿಲ್ಲವಾದ್ದರಿಂದ ನಿಯಮದ ಪ್ರಕಾರ ಗ್ರಂಥಾಲಯದ ಆಸ್ತಿಯೇ ಆಗಿರಲಿಲ್ಲ. ಕಾಗದದಲ್ಲಿ ಇಲ್ಲದ್ದು ಕಪಾಟಿನಲ್ಲೂ ಇಲ್ಲ ಎಂಬುದು ಕಚೇರಿಯ ನ್ಯಾಯ.

ಟ್ರೋವ್ ಪರಿಚಯವಾದದ್ದು ಮೈಸೂರು ಲ್ಯಾನ್ಸರ್ಸ್ ದಳದ ಬೆನ್ನು ಹತ್ತಿದಾಗ. 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೈನಿನ ಹೈಫಾ ಪಟ್ಟಣವನ್ನು ಜೋಧಪುರದ ಮತ್ತು ಮೈಸೂರಿನ ಅಶ್ವದಳಗಳು ಹಿಡಿದ ಕಥೆ ಗೊತ್ತಿರುವವರಿಗೆ ಗೊತ್ತಿದೆ. ಗೊತ್ತಿಲ್ಲದವರು ದಿಲ್ಲಿಯ ತೀನ್ ಮೂರ್ತಿ ವೃತ್ತದ ಮೂರು ಪ್ರತಿಮೆಗಳನ್ನಾದರೂ ನೋಡಿರುತ್ತಾರೆ. ಅವುಗಳಲ್ಲಿ ಒಂದು ನಮ್ಮ ಮೈಸೂರಿನ ಸವಾರರ ಹೆಸರಿನದು. ಬೆಂಗಳೂರಿನ ಜೆ.ಸಿ. ನಗರದ ಬಳಿಯೂ ಅವರ ಸ್ಮಾರಕವಿದೆ. ಆ ಕಾಳಗ ನಡೆದಾಗ ಈ ದಳಗಳು ಯಾರ ಅಧೀನದಲ್ಲಿದ್ದವು? ಮರುಭೂಮಿ ಅಶ್ವಸೈನ್ಯದ ದಂಡನಾಯಕ ಹ್ಯಾರಿ ಶಾವೆಲ್ ಎಂಬ ಆಸ್ಟ್ರೇಲಿಯನ್. ಅವರ ಕುದುರೆ ಸವಾರರೂ ನಮ್ಮವರೂ ಒಂದೇ ಸೈನ್ಯದಲ್ಲಿದ್ದರು. ಆದ್ದರಿಂದ ಆಸ್ಟ್ರೇಲಿಯಾದ ಪತ್ರಿಕೆಗಳಲ್ಲಿ ನಮ್ಮವರ ಸುಳಿವು ಸಿಗಬೇಕು ಎಂದು ಊಹಿಸಿ ಹುಡುಕಿದೆ. ಸಿಕ್ಕಿತು. ತಂತಿ ಸುದ್ದಿ, ಸೇನಾಪತಿಯ ವರದಿ, ಯುದ್ಧ ಮುಗಿದ ಮೇಲಿನ ನೆನಪುಗಳು. ನಾನು ಹೆಸರೇ ಕೇಳಿರದ ಯಾವುಯಾವುದೋ ಊರಿನ ವಾರಪತ್ರಿಕೆಗಳ ಅಂಕಣಗಳಲ್ಲಿ ಮೈಸೂರು ಎಂಬ ಹೆಸರು ಹಳದಿ ಬಣ್ಣ ಬಳಿದುಕೊಂಡು ಕಾಣಿಸುತ್ತಿತ್ತು.

ಆಮೇಲೆ ಸಹಜವಾಗಿ ಮೂಡಿದ ಪ್ರಶ್ನೆ: ಅದೇ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮೈಸೂರಿನ ಕನ್ನಡ ಪತ್ರಿಕೆಗಳು ಏನು ಬರೆದವು? ವೆಸ್ಲಿಯನ್ ಮಿಷನ್ನಿನವರು ಮೈಸೂರಿನಿಂದ 'ವೃತ್ತಾಂತ ಪತ್ರಿಕೆ' ಹೊರಡಿಸುತ್ತಿದ್ದ ಕಾಲ ಅದು. ಹೋದವರು ನಮ್ಮ ಸಂಸ್ಥಾನದ ಸವಾರರು, ಅವರ ಮನೆಗಳು ಇಲ್ಲಿದ್ದವು, ಸತ್ತವರ ಸುದ್ದಿ ಬರಬೇಕಾದದ್ದು ಇಲ್ಲಿಗೆ. ಆದರೆ ಕನ್ನಡದಲ್ಲಿ 'ಹೈಫಾ' ಎಂದು ಬರೆದು ಹುಡುಕಲು ಒಂದು ಪೆಟ್ಟಿಗೆಯೇ ಇಲ್ಲ. ಮೆಲ್ಬರ್ನಿನ ಓದುಗ ಅಂದು ಬೆಳಿಗ್ಗೆ ಕಾಫಿ ಕುಡಿಯುತ್ತ ಓದಿದ್ದನ್ನು ನಾನು ಅರ್ಧ ನಿಮಿಷದಲ್ಲಿ ಓದಬಲ್ಲೆ. ಮೈಸೂರಿನ ಓದುಗ ಓದಿದ್ದನ್ನು ಓದಲಾರೆ.

ಟ್ರೋವ್ ಕಟ್ಟಿದ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯ ಪತ್ರಿಕೆಗಳನ್ನು ಡಿಜಿಟಲ್ ಮಾಡುವ ಯೋಜನೆಗೆ ಕೈಹಾಕಿದ್ದು 2007ರಲ್ಲಿ. 1803ರಲ್ಲಿ ಶುರುವಾದ 'ಸಿಡ್ನಿ ಗೆಜೆಟ್'ನಿಂದ ಹಿಡಿದು 1954ರವರೆಗಿನ ಸಂಚಿಕೆಗಳು ಮೊದಲ ಗುರಿ. ಅಲ್ಲಿಂದೀಚೆಗಿನವಕ್ಕೆ ಹಕ್ಕುಸ್ವಾಮ್ಯದ ತೊಡಕು. ಪುಟಗಳನ್ನು ಪುಟ್ಟದಾಗಿ ಸೆರೆಹಿಡಿದಿಟ್ಟ ಮೈಕ್ರೊಫಿಲ್ಮ್ ಸುರುಳಿಗಳಿಂದ ಚಿತ್ರ ತೆಗೆದು, ಪುಟವನ್ನು ಸುದ್ದಿ ಸುದ್ದಿಯಾಗಿ ಕತ್ತರಿಸಿ, ಪ್ರತಿಯೊಂದು ಸುದ್ದಿಗೂ ಬದಲಾಗದ ಒಂದು ವಿಳಾಸ ಕೊಟ್ಟು, ಚಿತ್ರದಲ್ಲಿರುವ ಅಕ್ಷರಗಳನ್ನು ಯಂತ್ರದಿಂದ ಓದಿಸಿ ಹುಡುಕಬಹುದಾದ ಪಠ್ಯ ಮಾಡಿದರು. ಈ ಕೊನೆಯ ಹಂತಕ್ಕೆ ಎಲ್ಲರೂ ಓಸಿಆರ್ ಎನ್ನುತ್ತಾರೆ. ಯಂತ್ರ ಓದುವಾಗ ತಪ್ಪುತ್ತದೆ. ನೂರು ವರ್ಷದ ಮಾಸಲು ಅಚ್ಚು, ಹರಿದ ಅಂಚು, ಹಿಂಬದಿಯ ಮಸಿ ಈಚೆ ಬದಿಗೆ ಇಣುಕಿರುವ ಕಾಗದ. ತಪ್ಪದೆ ಇನ್ನೇನು ಮಾಡೀತು?

ಇಲ್ಲಿ ಅವರು ಮಾಡಿದ ಕೆಲಸ ನನಗೆ ಇಂದಿಗೂ ಧೈರ್ಯದ್ದಾಗಿ ಕಾಣುತ್ತದೆ. ತಪ್ಪನ್ನು ಮುಚ್ಚಿಡಲಿಲ್ಲ. ಸುದ್ದಿಯ ಚಿತ್ರದ ಪಕ್ಕದಲ್ಲೇ ಯಂತ್ರ ಓದಿದ ಕುರೂಪ ಪಠ್ಯವನ್ನು ತೋರಿಸಿ, ಬೇಕಾದರೆ ನೀವೇ ತಿದ್ದಿ ಎಂದರು. ಅದು 2008. ಮೊದಲ ಆರು ತಿಂಗಳಲ್ಲೇ ಜನ ಇಪ್ಪತ್ತು ಲಕ್ಷದಷ್ಟು ಸಾಲುಗಳನ್ನು ತಿದ್ದಿದರು. ಆಗ ಆ ಯೋಜನೆಯನ್ನು ನೋಡಿಕೊಳ್ಳುತ್ತಿದ್ದ ರೋಸ್ ಹಾಲಿ ಬರೆದ ವರದಿಯ ಪ್ರಕಾರ ಕಿಡಿಗೇಡಿತನ ಕಂಡುಬರಲೇ ಇಲ್ಲ. ಮುಂದೆ ಅದು ಕೋಟಿಗಟ್ಟಲೆ ಸಾಲುಗಳಾಗಿ ಬೆಳೆಯಿತು. ಸಂಬಳವಿಲ್ಲ, ಸನ್ಮಾನವಿಲ್ಲ, ಶಾಲು ಹಾರ ಮೊದಲೇ ಇಲ್ಲ. ಯಾರೋ ಒಬ್ಬರು ಕುರಿ ಮಾರುಕಟ್ಟೆಯ ಧಾರಣೆಗಳನ್ನೇ ವರ್ಷಗಟ್ಟಲೆ ತಿದ್ದುತ್ತಾರೆ, ಇನ್ನೊಬ್ಬರು ತಮ್ಮ ಊರಿನ ಮರಣವಾರ್ತೆಗಳನ್ನು. 2023ರಲ್ಲಿ ಅಷ್ಟೊಂದು ಜನ ಎದ್ದು ನಿಂತದ್ದರ ಗುಟ್ಟು ಇಲ್ಲೇ ಇದೆ ಎಂದು ನನ್ನ ಅಂದಾಜು. ಬರೀ ಓದಿದವರು ಗೊಣಗಿ ಸುಮ್ಮನಾಗುತ್ತಿದ್ದರೇನೋ. ಕೈಯಾರೆ ತಿದ್ದಿದವರು ಬಿಡಲಿಲ್ಲ.

ಆದರೆ ಟ್ರೋವ್ ನನಗೆ ಕಲಿಸಿದ ಮುಖ್ಯ ಪಾಠ ಬೇರೆಯೇ. ಟಿಮ್ ಶೆರಟ್ ಎಂಬ ಆಸ್ಟ್ರೇಲಿಯಾದ ಇತಿಹಾಸಕಾರರು ಟ್ರೋವ್‌ನ ಒಟ್ಟು ಸುದ್ದಿಗಳನ್ನು ವರ್ಷವಾರು ಎಣಿಸಿ ನಕ್ಷೆ ಬರೆದರು. ರೇಖೆ ನಿಧಾನವಾಗಿ ಏರುತ್ತ ಹೋಗಿ 1914-15ರ ಸುಮಾರಿಗೆ ದಿಢೀರನೆ ಶಿಖರ ಮುಟ್ಟುತ್ತದೆ. 1954ರ ನಂತರ ಕಡಿದಾದ ಬಂಡೆಯಿಂದ ಬಿದ್ದ ಹಾಗೆ ಕೆಳಗಿಳಿಯುತ್ತದೆ. ಬಂಡೆಗೆ ಕಾರಣ ಹಕ್ಕುಸ್ವಾಮ್ಯ. ಶಿಖರಕ್ಕೆ? ಆ ಕಾಲದಲ್ಲಿ ಪತ್ರಿಕೆಗಳು ಹೆಚ್ಚಿದ್ದವು ಎಂದಲ್ಲ. ಮೊದಲ ಮಹಾಯುದ್ಧದ ಶತಮಾನೋತ್ಸವ ಬರುತ್ತಿತ್ತು, ಆ ವರ್ಷಗಳ ಪತ್ರಿಕೆಗಳನ್ನು ಮೊದಲು ಸ್ಕ್ಯಾನ್ ಮಾಡಲು ಹಣ ಬಂತು. ಅಷ್ಟೇ. ಮೈಸೂರು ಲ್ಯಾನ್ಸರ್ಸ್ ನನಗೆ ಅಷ್ಟು ಸುಲಭವಾಗಿ ಸಿಕ್ಕಿದ್ದರ ಹಿಂದೆ ಹೀಗೊಂದು ಅನುದಾನದ ಆದೇಶವಿತ್ತು. ಇನ್ನೊಂದು ಮಾತು: ಅಂದಿನ ತಂತಿ ಸುದ್ದಿ ಒಂದೇ ಪಠ್ಯವಾಗಿ ಹತ್ತಾರು ಪತ್ರಿಕೆಗಳಲ್ಲಿ ಅಚ್ಚಾಗುತ್ತಿತ್ತು. ನನಗೆ ರಾಶಿಯಾಗಿ ಕಂಡದ್ದು ಬಹುಮಟ್ಟಿಗೆ ಒಂದೇ ಸುದ್ದಿಯ ಪ್ರತಿಗಳು.

ಹೆಚ್ಚು ಸಿಕ್ಕಿದರೆ ಇಷ್ಟು ಅನುಮಾನ ಪಡಬೇಕು ಎಂದಾದರೆ, ಏನೂ ಸಿಗದಿದ್ದರೆ? ಹುಡುಕಾಟದ ಪೆಟ್ಟಿಗೆ 'ಸೊನ್ನೆ ಫಲಿತಾಂಶ' ಎಂದಾಗ ಅದರ ಅರ್ಥ ಏನು ಬೇಕಾದರೂ ಆಗಿರಬಹುದು. ಆ ವಿಷಯ ಪತ್ರಿಕೆಯಲ್ಲಿ ಬರಲೇ ಇಲ್ಲದಿರಬಹುದು. ಬಂದಿದ್ದು, ಆ ಸಂಚಿಕೆ ಜಗತ್ತಿನಲ್ಲೆಲ್ಲೂ ಉಳಿಯದಿರಬಹುದು. ಉಳಿದಿದ್ದು, ಯಾರೂ ಸ್ಕ್ಯಾನ್ ಮಾಡಿರದಿರಬಹುದು. ಸ್ಕ್ಯಾನ್ ಆಗಿದ್ದು, ಯಂತ್ರ ಆ ಪದವನ್ನು ತಪ್ಪಾಗಿ ಓದಿರಬಹುದು. ಮೈಸೂರಿನ ಉದಾಹರಣೆಯನ್ನೇ ತೆಗೆದುಕೊಂಡರೆ ಇನ್ನೂ ಒಂದು ಸಾಧ್ಯತೆ ಸೇರುತ್ತದೆ: 1908ರಲ್ಲಿ ಸಂಸ್ಥಾನ ಪತ್ರಿಕೆಗಳಿಗೆ ಕಡಿವಾಣ ಹಾಕುವ ಕಾಯ್ದೆ ತಂದಾಗ ತಾತಯ್ಯ ಎಂದೇ ಹೆಸರಾದ ಎಂ. ವೆಂಕಟಕೃಷ್ಣಯ್ಯನವರು ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ಅಲ್ಲಿನ ಸೊನ್ನೆಯೇ ಒಂದು ಪ್ರತಿಭಟನೆ. ಗೆದ್ದಲು ತಿಂದ ಸೊನ್ನೆಯೂ ಪ್ರತಿಭಟನೆಯ ಸೊನ್ನೆಯೂ ಪರದೆಯ ಮೇಲೆ ಒಂದೇ ಥರ ಕಾಣಿಸಿದರೆ ಸಂಶೋಧಕ ಏನು ಬರೆಯಬೇಕು?

ಇದು ಸುಮ್ಮನೆ ಎತ್ತಿದ ಆಕ್ಷೇಪವಲ್ಲ. ಬ್ರಿಟಿಷ್ ಲೈಬ್ರರಿಯ ಹತ್ತೊಂಬತ್ತನೆಯ ಶತಮಾನದ ಪತ್ರಿಕೆಗಳ ಸಂಗ್ರಹವನ್ನು 2009ರಲ್ಲಿ ಪರೀಕ್ಷಿಸಿದಾಗ ಯಂತ್ರ ಸರಿಯಾಗಿ ಓದಿದ ಪದಗಳು ನೂರಕ್ಕೆ 78. 'ಮತ್ತು', 'ಆದರೆ' ಥರದ ಪದಗಳನ್ನು ಬಿಟ್ಟು ಅರ್ಥ ಹೊತ್ತ ಪದಗಳನ್ನಷ್ಟೇ ಎಣಿಸಿದರೆ ನೂರಕ್ಕೆ 68. ಊರಿನ ಹೆಸರು, ವ್ಯಕ್ತಿಯ ಹೆಸರು ಬರುವ ದೊಡ್ಡಕ್ಷರದ ಪದಗಳಲ್ಲಿ ಇನ್ನೂ ಕಡಿಮೆ. ನಾವು ಹುಡುಕುವುದು ಸರಿಯಾಗಿ ಅವುಗಳನ್ನೇ. ಇಂಗ್ಲಿಷಿನ ಪಾಡು ಇದು, ಜಗತ್ತಿನಲ್ಲಿ ಅತಿ ಹೆಚ್ಚು ಹಣ ಸುರಿದು ಯಂತ್ರಕ್ಕೆ ಓದಲು ಕಲಿಸಿದ ಲಿಪಿಯ ಪಾಡು.

ಕೆನಡಾದ ಇತಿಹಾಸಕಾರ ಇಯಾನ್ ಮಿಲಿಗನ್ ಇನ್ನೊಂದು ತುದಿಯಿಂದ ನೋಡಿದರು. ಕೆನಡಾದ ಇತಿಹಾಸದ ಪಿಎಚ್‌.ಡಿ. ಪ್ರಬಂಧಗಳ ಅಡಿಟಿಪ್ಪಣಿಗಳಲ್ಲಿ 'ಟೊರಾಂಟೊ ಸ್ಟಾರ್' ಪತ್ರಿಕೆ 1998ರಲ್ಲಿ 74 ಸಲ ಕಾಣಿಸಿಕೊಂಡಿತ್ತು; 2010ರಲ್ಲಿ 753 ಸಲ. ನಡುವೆ ನಡೆದದ್ದೇನು ಎಂದರೆ ಆ ಪತ್ರಿಕೆಯ ಹಳೆಯ ಸಂಚಿಕೆಗಳು ಹುಡುಕಾಟಕ್ಕೆ ಒದಗಿದವು. ಮೈಕ್ರೊಫಿಲ್ಮಿನಲ್ಲೇ ಉಳಿದ ಸಣ್ಣ ಊರುಗಳ ಪತ್ರಿಕೆಗಳಿಗೆ ಆ ಭಾಗ್ಯ ಬರಲಿಲ್ಲ. ಪ್ರಬಂಧ ಬರೆದವರಾದರೂ ತಾವು ಪೆಟ್ಟಿಗೆಯಲ್ಲಿ ಪದ ಹಾಕಿ ಹೆಕ್ಕಿದ್ದೆಂದು ಹೇಳದೆ, ಕಾಗದದ ಪತ್ರಿಕೆಯನ್ನೇ ಓದಿದವರಂತೆ ದಿನಾಂಕ, ಪುಟಸಂಖ್ಯೆ ನಮೂದಿಸಿದ್ದರು. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಹೀಗೆ ನಡೆಯುತ್ತಿಲ್ಲ ಎಂದು ಎದೆ ತಟ್ಟಿಕೊಳ್ಳುವ ಹಾಗಿಲ್ಲ. 1838ರಿಂದ ಇರುವ 'ಟೈಮ್ಸ್ ಆಫ್ ಇಂಡಿಯಾ' ಚಂದಾ ಕಟ್ಟಿದ ಗ್ರಂಥಾಲಯಗಳಲ್ಲಿ ಪದ ಪದವಾಗಿ ಹುಡುಕಲು ಸಿಗುತ್ತದೆ. ಧಾರವಾಡದ ಸಂಗತಿಗೂ ಮುಂಬಯಿಯ ಇಂಗ್ಲಿಷ್ ಪತ್ರಿಕೆಯ ಸಾಕ್ಷ್ಯ ಹಾಕುವ ಪ್ರಬಂಧಗಳು ನನ್ನ ಮೇಜಿನ ಮೇಲೆ ಹಾದುಹೋಗಿವೆ.

ದುಡ್ಡಿನ ಮಾತು ಬಂದಿತು. ಬ್ರಿಟನ್ನಿನವರು ಖಾಸಗಿ ಕಂಪನಿಯ ಜೊತೆ ಸೇರಿ 2011ರಲ್ಲಿ ತೆರೆದ 'ಬ್ರಿಟಿಷ್ ನ್ಯೂಸ್‌ಪೇಪರ್ ಆರ್ಕೈವ್' ಮುಖ್ಯವಾಗಿ ಚಂದಾದಾರರದ್ದು. 2021ರಲ್ಲಿ ಹತ್ತು ಲಕ್ಷ ಪುಟಗಳನ್ನು ಉಚಿತವಾಗಿ ಬಿಟ್ಟರು. ಗೂಗಲ್ ಕೂಡ 2008ರಲ್ಲಿ ಭಾರಿ ಉತ್ಸಾಹದಿಂದ ಹಳೆಯ ಪತ್ರಿಕೆಗಳ ಸ್ಕ್ಯಾನಿಂಗಿಗೆ ಇಳಿದು, 2011ರಲ್ಲಿ ಸದ್ದಿಲ್ಲದೆ ಕೈಬಿಟ್ಟಿತು. ಸರ್ಕಾರದ ಹಣವೂ ನಿಂತುಹೋಗುತ್ತದೆ, ಟ್ರೋವ್‌ಗೆ ಆದದ್ದು ಅದೇ ಅಲ್ಲವೇ ಎಂದು ಕೇಳಬಹುದು. ನಿಜ. ಆದರೆ ಸರ್ಕಾರದ ಬಾಗಿಲನ್ನು ಬಡಿಯಬಹುದು.

ಡಿಜಿಟಲ್ ಬರುವುದಕ್ಕೆ ಮೊದಲು ಮೈಕ್ರೊಫಿಲ್ಮ್ ಎಂಬ ಇನ್ನೊಂದು ಅಲೆ ಬಂದಿತ್ತು, ಅದರ ಕಥೆಯನ್ನು ಮರೆಯಬಾರದು. 1870ರ ದಶಕದಿಂದೀಚೆಗೆ ಪತ್ರಿಕೆಗಳು ಮರದ ತಿರುಳಿನ ಅಗ್ಗದ ಕಾಗದಕ್ಕೆ ಹೊರಳಿದವು. ಅದರಲ್ಲಿರುವ ಆಮ್ಲ ಕಾಗದವನ್ನು ಹಳದಿಯಾಗಿಸಿ ಹಪ್ಪಳದಂತೆ ಮುರಿಯುವ ಹಾಗೆ ಮಾಡುತ್ತದೆ. ಅದಕ್ಕಿಂತ ಹಿಂದಿನ ಚಿಂದಿಬಟ್ಟೆಯ ಕಾಗದ ಹೆಚ್ಚು ಗಟ್ಟಿ. 1843ರ ಪುಟಕ್ಕಿಂತ 1943ರ ಪುಟ ಬೇಗ ಸಾಯುತ್ತದೆ. ಈ ಭಯದಿಂದ ಇಪ್ಪತ್ತನೆಯ ಶತಮಾನದ ಗ್ರಂಥಾಲಯಗಳು ಎಲ್ಲವನ್ನೂ ಕಪ್ಪು ಬಿಳುಪು ಫಿಲ್ಮಿಗೆ ಇಳಿಸಿ, ಇಳಿಸಿದ ಮೇಲೆ ಮೂಲವನ್ನೇ ಹೊರಹಾಕಿದವು. 1999ರಲ್ಲಿ ಬ್ರಿಟಿಷ್ ಲೈಬ್ರರಿ ತನ್ನ ಬಳಿಯಿದ್ದ ಅಮೆರಿಕದ ಪತ್ರಿಕೆಗಳ ಸಂಪುಟಗಳನ್ನು ಹರಾಜಿಗಿಟ್ಟಾಗ ನಿಕೊಲ್ಸನ್ ಬೇಕರ್ ಎಂಬ ಕಾದಂಬರಿಕಾರ ಸ್ವಂತ ಹಣ ಹೊಂದಿಸಿ ಅವುಗಳಲ್ಲಿ ಹಲವನ್ನು ಕೊಂಡರು. ಬಣ್ಣದ ಭಾನುವಾರ ಪುರವಣಿಗಳಿದ್ದ ನ್ಯೂಯಾರ್ಕಿನ 'ವರ್ಲ್ಡ್' ಅದರಲ್ಲಿತ್ತು. ಫಿಲ್ಮಿನಲ್ಲಿ ಆ ಬಣ್ಣಗಳೆಲ್ಲ ಬೂದಿ. 2004ರಲ್ಲಿ ಆ ಸಂಗ್ರಹ ಡ್ಯೂಕ್ ವಿಶ್ವವಿದ್ಯಾಲಯ ಸೇರಿತು. ಒಬ್ಬ ಲೇಖಕ ರದ್ದಿಯವನಿಗಿಂತ ಮೊದಲು ಬಂದದ್ದರಿಂದ ಉಳಿದ ಪತ್ರಿಕೆಗಳು ಎಂದು ನಾನು ಅವನ್ನು ಕರೆಯುತ್ತೇನೆ. ಸ್ಕ್ಯಾನ್ ಆಯಿತಲ್ಲ, ಇನ್ನು ಕಾಗದ ಯಾಕೆ ಎನ್ನುವ ಅಧಿಕಾರಿಗಳು ನಮ್ಮಲ್ಲೂ ಹುಟ್ಟಿಕೊಳ್ಳುತ್ತಾರೆ, ನೋಡುತ್ತಿರಿ.

ಈಗ ಅಮೆರಿಕದ ಹಾದಿಯನ್ನು ನೋಡೋಣ, ಏಕೆಂದರೆ ನನ್ನ ವಾದಕ್ಕೆ ಅದು ಆಧಾರ. ಲೈಬ್ರರಿ ಆಫ್ ಕಾಂಗ್ರೆಸ್ಸಿನ 'ಕ್ರಾನಿಕ್ಲಿಂಗ್ ಅಮೆರಿಕ' ತೆರೆದದ್ದು 2007ರಲ್ಲಿ. ಈಗ ಅದರಲ್ಲಿ ಎರಡು ಕೋಟಿಗೂ ಹೆಚ್ಚು ಪುಟಗಳಿವೆ. ಎಲ್ಲರ ಕಣ್ಣಿಗೆ ಬೀಳುವುದು ಆ ಸಂಖ್ಯೆ. ಅದಕ್ಕೆ ಮೊದಲು, 1982ರಿಂದ, ಪ್ರತಿಯೊಂದು ರಾಜ್ಯದಲ್ಲೂ ಯಾವ ಊರಿನಲ್ಲಿ ಯಾವ ಪತ್ರಿಕೆ ಹುಟ್ಟಿತು, ಯಾವಾಗ ನಿಂತಿತು, ಯಾವ ಸಂಚಿಕೆ ಯಾವ ಕಪಾಟಿನಲ್ಲಿದೆ ಎಂದು ದಶಕಗಳ ಕಾಲ ಪಟ್ಟಿ ಮಾಡಿದವರಿದ್ದಾರೆ. ಪತ್ರಿಕೆಯ ಪುಟ ಇಲ್ಲದಿದ್ದರೂ ಪತ್ರಿಕೆ ಇತ್ತೆಂಬ ಮಾಹಿತಿ ಅಲ್ಲಿ ಸಿಗುತ್ತದೆ. ಆಸ್ಟ್ರೇಲಿಯಾದ ಗ್ರಂಥಾಲಯಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಎಲ್ಲೂ ಪ್ರತಿ ಉಳಿಯದ ಪತ್ರಿಕೆಗಳ ಪಟ್ಟಿಯನ್ನೇ ಪ್ರಕಟಿಸಿ, ಪೊಲೀಸರು ಬೇಕಾದವರ ಪಟ್ಟಿ ಅಂಟಿಸುವ ಧಾಟಿಯಲ್ಲಿ, ನಿಮ್ಮ ಮನೆಯಲ್ಲಿ ಹುಡುಕಿ ಎಂದು ಜನರನ್ನು ಕೇಳಿಕೊಂಡವು. ತನ್ನಲ್ಲಿ ಇಲ್ಲದ್ದನ್ನು ಹೆಸರಿಟ್ಟು ಹೇಳುವ ಗ್ರಂಥಾಲಯವನ್ನು ನಾನು ನಂಬುತ್ತೇನೆ.

ದೊಡ್ಡ ಭಾಷೆಗಳಿಗೆ, ದೊಡ್ಡ ದೇಶಗಳಿಗೆ ಮಾತ್ರ ಇದು ಸಾಧ್ಯ ಎನ್ನುವವರಿಗೆ ಮಾವೊರಿಗಳನ್ನು ತೋರಿಸಬಹುದು. ನ್ಯೂಜಿಲೆಂಡಿನ ಮೂಲನಿವಾಸಿಗಳ ಭಾಷೆಯಲ್ಲಿ ಮೊದಲ ಪತ್ರಿಕೆ ಹೊರಟದ್ದು 1842ರಲ್ಲಿ. ಕನ್ನಡದ ಮೊದಲ ಪತ್ರಿಕೆಯಾದ ನಮ್ಮ 'ಮಂಗಳೂರ ಸಮಾಚಾರ' ಹರ್ಮನ್ ಮೋಗ್ಲಿಂಗರ ಕೈಯಲ್ಲಿ ಕಲ್ಲಚ್ಚಿನಿಂದ ಹೊರಬಂದದ್ದು 1843ರ ಜುಲೈ 1ರಂದು. ಒಂದೇ ವರ್ಷದ ಅಂತರ. ವೈಕಾಟೊ ವಿಶ್ವವಿದ್ಯಾಲಯದವರು ಈ ಶತಮಾನದ ಹೊಸ್ತಿಲಲ್ಲೇ, 1842ರಿಂದ 1930ರ ದಶಕದ ಆರಂಭದವರೆಗಿನ ಮಾವೊರಿ ಪತ್ರಿಕೆಗಳ ಸುಮಾರು 17,000 ಪುಟಗಳನ್ನು 'ನಿಯುಪೆಪ' ಎಂಬ ಹೆಸರಿನಲ್ಲಿ ಪದ ಪದವಾಗಿ ಹುಡುಕುವಂತೆ ಮಾಡಿಟ್ಟರು. ಅದೂ ಬಹುಪಾಲು ಮಾವೊರಿಯಲ್ಲೇ ಇರುವ ಪಠ್ಯ. ಮಾವೊರಿ ಮಾತಾಡುವವರ ಸಂಖ್ಯೆ ನಮ್ಮ ಒಂದೆರಡು ತಾಲ್ಲೂಕುಗಳ ಜನಸಂಖ್ಯೆಯಷ್ಟು. ನಾವು ಪ್ರತಿ ಜುಲೈ 1ರಂದು ಪತ್ರಿಕಾ ದಿನಾಚರಣೆ ಮಾಡುತ್ತೇವೆ, ಮೋಗ್ಲಿಂಗರ ಭಾವಚಿತ್ರಕ್ಕೆ ಹಾರ ಹಾಕುತ್ತೇವೆ.

ಲಿಪಿಯ ವ್ಯತ್ಯಾಸವಿದೆ, ಒಪ್ಪುತ್ತೇನೆ. ಮಾವೊರಿ ಬರೆಯುವುದು ರೋಮನ್ ಅಕ್ಷರಗಳಲ್ಲಿ. ಕನ್ನಡದ ಹಳೆಯ ಅಚ್ಚನ್ನು ಯಂತ್ರ ಓದಬೇಕಾದರೆ ತೊಂದರೆ ಹಲವು. ಒತ್ತಕ್ಷರ ಸಾಲಿನ ಕೆಳಗಿಳಿದು ಮುಂದಿನ ಸಾಲಿನ ಗುಡಿಸು ದೀರ್ಘಗಳಿಗೆ ತಗಲುತ್ತದೆ. ಅನುಸ್ವಾರವೋ ಸೊನ್ನೆಯೋ ತಿಳಿಯುವುದಿಲ್ಲ. 'ಪ'ಕಾರ, 'ವ'ಕಾರಗಳ ನಡುವೆ, 'ಘ'ಕಾರ, 'ಫ'ಕಾರಗಳ ನಡುವೆ ಒಂದು ಸಣ್ಣ ಗೀಟಿನ ವ್ಯತ್ಯಾಸ, ಆ ಗೀಟು ಸವೆದ ಮೊಳೆಯಲ್ಲಿ ಮೂಡಿರುವುದೇ ಇಲ್ಲ. ಪುಟ ಸ್ವಚ್ಛವಾಗಿ ಅಚ್ಚಾಗಿದ್ದರೆ ಈಗಿನ ತಂತ್ರಾಂಶಗಳು ಚೆನ್ನಾಗಿಯೇ ಓದುತ್ತವೆ. ಭಾರತೀಯ ವಿಜ್ಞಾನ ಸಂಸ್ಥೆಯವರೂ ಕನ್ನಡಕ್ಕೆಂದೇ ಇಂಥ ಕೆಲಸ ಮಾಡಿದ್ದಾರೆ, ಮುಕ್ತ ತಂತ್ರಾಂಶವಾದ ಟೆಸರಾಕ್ಟ್‌ಗೂ ಕನ್ನಡ ಬರುತ್ತದೆ. ಪತ್ರಿಕೆಯ ಪುಟ ಮಾತ್ರ ಪುಸ್ತಕದ ಪುಟದಂತಲ್ಲ. ಎಂಟು ಅಂಕಣ, ನಡುವೆ ಜಾಹೀರಾತು, ಮೂರನೆಯ ಪುಟಕ್ಕೆ ಜಿಗಿದ ಸುದ್ದಿಯ ಬಾಲ. ಅಂಕಣದ ಗೆರೆ ಗುರುತಿಸದ ಯಂತ್ರ, ವಧು ಬೇಕಾಗಿದ್ದಾಳೆ ಎಂಬ ಜಾಹೀರಾತಿಗೆ ದಿವಾನರ ಭಾಷಣವನ್ನು ಹೊಲಿದುಬಿಡುತ್ತದೆ.

ಅಷ್ಟೆಲ್ಲ ದಾಟಿ ಬಂದರೂ ಹುಡುಕುವಾಗ ವಿಭಕ್ತಿ ಅಡ್ಡ ಬರುತ್ತದೆ. 'ಮೈಸೂರು' ಎಂದು ಬರೆದರೆ 'ಮೈಸೂರಿನಲ್ಲಿ', 'ಮೈಸೂರಿಗೆ', 'ಮೈಸೂರಿಂದ' ಸಿಗುವುದಿಲ್ಲ, ಪೆಟ್ಟಿಗೆಯ ಹಿಂದೆ ಕನ್ನಡ ವ್ಯಾಕರಣ ಬಲ್ಲ ಯಾರಾದರೂ ಕುಳಿತಿದ್ದ ಹೊರತು. 'ಎಲ್ಲಾ' ಎಂಬುದನ್ನು 'ಯೆಲ್ಲಾ' ಎಂದು ಬರೆಯುತ್ತಿದ್ದ ಕಾಲದ ಕಾಗುಣಿತವನ್ನೂ ಅದು ತಿಳಿದಿರಬೇಕು. ಇದು ದೊಡ್ಡ ಯಂತ್ರ ಬೇಡುವ ಕೆಲಸವಲ್ಲ. ನಾಲ್ಕು ಜನ ಕನ್ನಡ ಎಂ.ಎ. ಓದಿದವರನ್ನೂ ಇಬ್ಬರು ಎಂಜಿನಿಯರುಗಳನ್ನೂ ಒಂದು ಕೋಣೆಯಲ್ಲಿ ಕೂರಿಸುವ ಕೆಲಸ.

ಏನೂ ನಡೆದಿಲ್ಲ ಎಂದು ಹೇಳಿದರೆ ದುಡಿದವರಿಗೆ ಅನ್ಯಾಯವಾಗುತ್ತದೆ. 'ಸಂಚಯ'ದ ಗೆಳೆಯರು ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಕನ್ನಡ ಪುಸ್ತಕಗಳನ್ನು ಕನ್ನಡದಲ್ಲೇ ಹುಡುಕುವ ಹಾಗೆ ಮಾಡಿದರು. ಬೆಂಗಳೂರಿನ 'ಸರ್ವೆಂಟ್ಸ್ ಆಫ್ ನಾಲೆಜ್' ತಂಡ ಪುಸ್ತಕ, ನಿಯತಕಾಲಿಕಗಳನ್ನು ಸ್ಕ್ಯಾನ್ ಮಾಡಿ ಇಂಟರ್ನೆಟ್ ಆರ್ಕೈವ್‌ಗೆ ಏರಿಸುತ್ತಿದೆ. ಇವರಲ್ಲಿ ಬಹಳ ಜನ ಹಗಲಲ್ಲಿ ಬೇರೆ ನೌಕರಿ ಮಾಡುವವರು. ಆದರೆ ದಿನಪತ್ರಿಕೆ, ವಾರಪತ್ರಿಕೆಗಳ ಹೊರೆಯೇ ಬೇರೆ. ಅದು ಹವ್ಯಾಸಿಗಳ ಹೆಗಲಿಗೆ ಮೀರಿದ್ದು.

ಕನ್ನಡದ ಹಳೆಯ ಪತ್ರಿಕೆಗಳ ಬಗ್ಗೆ ಹುಡುಕಾಟದಲ್ಲಿ ಸುಲಭವಾಗಿ ಸಿಗುವುದು ಯಾವುದು ಗೊತ್ತೇ? ಬ್ರಿಟಿಷ್ ಸರ್ಕಾರದ ಗುಪ್ತ ವರದಿಗಳು. ದೇಶಭಾಷಾ ಪತ್ರಿಕೆಗಳು ಏನು ಬರೆಯುತ್ತಿವೆ ಎಂದು ತಿಳಿಯಲು ಮುಂಬಯಿ, ಮದರಾಸು ಮುಂತಾದ ಪ್ರಾಂತಗಳಲ್ಲಿ ಸರ್ಕಾರಿ ಭಾಷಾಂತರಕಾರರು ವಾರವಾರವೂ ಸುದ್ದಿ ಆಯ್ದು, ಇಂಗ್ಲಿಷಿಗೆ ಇಳಿಸಿ, ಮೇಲಧಿಕಾರಿಗಳಿಗೆ ಕಳಿಸುತ್ತಿದ್ದರು. ಧಾರವಾಡದ 'ಕರ್ನಾಟಕ ವೃತ್ತ'ದಂಥ ಪತ್ರಿಕೆಗಳ ಮಾತು ಮುಂಬಯಿಯ ವರದಿಗಳಲ್ಲಿ ಬರುತ್ತದೆ. ಮಂಗಳೂರು, ಬಳ್ಳಾರಿ ಮದರಾಸಿನ ಪಾಲು. ಇವುಗಳಲ್ಲಿ ಬಹಳಷ್ಟು ಈಗ ಡಿಜಿಟಲ್ ರೂಪದಲ್ಲಿವೆ. ಸಂಪಾದಕರು ಸರ್ಕಾರವನ್ನು ಬೈದ ಸಾಲುಗಳು ಬೈಸಿಕೊಂಡವರ ಕಡತದಲ್ಲಿ, ಬೈಸಿಕೊಂಡವರ ಭಾಷೆಯಲ್ಲಿ ಭದ್ರವಾಗಿವೆ. ಆದರೆ ಭಾಷಾಂತರಕಾರ ಆಯ್ದದ್ದು ಸರ್ಕಾರಕ್ಕೆ ಬೇಕಾದ್ದನ್ನು ಮಾತ್ರ. ಮಳೆ, ಜಾತ್ರೆ, ನಾಟಕ ಕಂಪನಿ, ಪ್ಲೇಗು ಬಂದಾಗ ಊರು ಬಿಟ್ಟವರ ಗೋಳು, ಅತ್ತೆಮನೆಯ ವ್ಯಾಜ್ಯದ ಬಗ್ಗೆ ಸಂಪಾದಕರಿಗೆ ಬಂದ ಪತ್ರ, ಇವು ಆ ಜರಡಿಯಲ್ಲಿ ನಿಲ್ಲಲಿಲ್ಲ. ಅದನ್ನಷ್ಟೇ ಓದಿ ಇತಿಹಾಸ ಬರೆದರೆ ಅಂದಿನ ಕನ್ನಡಿಗರು ಮೂರು ಹೊತ್ತೂ ಕಲೆಕ್ಟರನ ಬಗ್ಗೆಯೇ ಯೋಚಿಸುತ್ತಿದ್ದರು ಎಂದಾಗುತ್ತದೆ.

ಒಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ಎಲ್ಲವನ್ನೂ ತೆರೆದಿಡುವುದರಲ್ಲಿ ಕಿರಿಕಿರಿಯೂ ಇದೆ. ಎಂದೋ ಒಂದು ದಿನ ಕುಡಿದು ಕೋರ್ಟಿಗೆ ಹೋದವನ ಹೆಸರು, ಮನೆಬಿಟ್ಟು ಹೋದ ಹೆಣ್ಣುಮಗಳ ಹೆಸರು ಮೈಕ್ರೊಫಿಲ್ಮಿನಲ್ಲಿ ಇದ್ದೂ ಇಲ್ಲದಂತಿದ್ದವು. ಈಗ ಮೊಮ್ಮಕ್ಕಳು ಹೆಸರು ಟೈಪಿಸಿದ ಕೂಡಲೇ ಎದ್ದು ಬರುತ್ತವೆ. ನಮ್ಮ ಪತ್ರಿಕೆಗಳಲ್ಲಿ ಜಾತಿ, ಊರು, ತಂದೆಯ ಹೆಸರು ಸಮೇತ ಬರೆಯುವ ರೂಢಿಯಿತ್ತು. ಇದಕ್ಕೆ ನನ್ನಲ್ಲಿ ಸಿದ್ಧ ಉತ್ತರವಿಲ್ಲ, ತೆರೆಯಬಾರದು ಎಂದೂ ಅನ್ನಿಸುವುದಿಲ್ಲ.

ಕಾನೂನು ನಮಗೆ ಅಡ್ಡವಾಗಿದೆಯೇ? ನಾವು ಅಂದುಕೊಂಡಷ್ಟಿಲ್ಲ. ಭಾರತದ 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಹೆಸರಿಲ್ಲದೆ ಪ್ರಕಟವಾದ ಬರಹದ ಹಕ್ಕು ಪ್ರಕಟಣೆಯ ನಂತರ 60 ವರ್ಷಕ್ಕೆ ಮುಗಿಯುತ್ತದೆ. ದಿನಪತ್ರಿಕೆಯ ಸುದ್ದಿಗಳಲ್ಲಿ ಬಹುಪಾಲು ಹೆಸರಿಲ್ಲದವೇ. ಲೇಖಕರ ಹೆಸರಿರುವ ಲೇಖನ, ಕಥೆ, ಕವಿತೆಗಳಿಗೆ ಲೆಕ್ಕ ಬೇರೆ, ಅವರು ತೀರಿಕೊಂಡ ಮೇಲೆ 60 ವರ್ಷ. ಏನೇ ಆದರೂ ಸ್ವಾತಂತ್ರ್ಯಪೂರ್ವದ ಸಂಚಿಕೆಗಳ ಬಹುಭಾಗವನ್ನು ಯಾರ ಅಪ್ಪಣೆಯೂ ಇಲ್ಲದೆ ತೆರೆಯಬಹುದು. ಆದರೆ ಅವು ಎಲ್ಲಿವೆ? ಪ್ರಕಟವಾದ ಪುಸ್ತಕಗಳನ್ನು ಕೋಲ್ಕತ್ತ, ಚೆನ್ನೈ, ಮುಂಬಯಿ, ದಿಲ್ಲಿಯ ಗ್ರಂಥಾಲಯಗಳಿಗೆ ಕೊಡಬೇಕೆಂಬ ಕಾನೂನು ಬಂದದ್ದೇ 1954ರಲ್ಲಿ, ಅದರೊಳಗೆ ಪತ್ರಿಕೆಗಳು ಸೇರಿದ್ದು 1956ರಲ್ಲಿ. ಅದಕ್ಕೆ ಹಿಂದಿನವು ಮಠಗಳಲ್ಲಿ, ಮಿಷನ್ ಕಾಲೇಜುಗಳಲ್ಲಿ, ವಾಚನಾಲಯಗಳ ಮಾಳಿಗೆಯಲ್ಲಿ, ಸಂಪಾದಕರ ಮೊಮ್ಮಕ್ಕಳ ಟ್ರಂಕಿನಲ್ಲಿ ಹಂಚಿಹೋಗಿವೆ.

ಅದಕ್ಕೇ ನಾನು ಸ್ಕ್ಯಾನರಿಗಿಂತ ಮೊದಲು ಪಟ್ಟಿ ಬೇಕು ಎಂದು ಹಟ ಹಿಡಿದಿದ್ದೇನೆ. ಪತ್ರಿಕೆಯ ಹೆಸರು, ಊರು, ಶುರುವಾದ ಮತ್ತು ನಿಂತ ವರ್ಷ, ಎಲ್ಲಿ ಯಾವ ಸಂಚಿಕೆ ಇದೆ, ಕಾಗದದ ಸ್ಥಿತಿ ಹೇಗಿದೆ, ಯಾವ ಸಂಚಿಕೆ ಎಲ್ಲೂ ಕಂಡಿಲ್ಲ. ಇಷ್ಟೇ ಕಲಮುಗಳು. ಒಂದು ಜಿಲ್ಲೆಗೆ ಒಬ್ಬ ಗ್ರಂಥಪಾಲಕ ಸಾಕು, ನಮ್ಮಂಥ ನಿವೃತ್ತರು ಬೇಕಾದಷ್ಟು ಜನ ಖಾಲಿ ಕುಳಿತಿದ್ದೇವೆ. ಪಟ್ಟಿಯಿದ್ದರೆ ಸೊನ್ನೆ ಬಂದಾಗ ಅದು ಯಾವ ಸೊನ್ನೆ ಎಂದು ತಿಳಿಯುತ್ತದೆ.

ಸ್ಕ್ಯಾನಿಂಗ್ ಮಾಡುವ ನನ್ನ ಕಿರಿಯ ಮಿತ್ರರೊಬ್ಬರು ಇದನ್ನು ಒಪ್ಪುವುದಿಲ್ಲ. "ನೀವು ಪಟ್ಟಿ ಮಾಡುತ್ತಿರಿ ಸಾರ್, ಅಷ್ಟರಲ್ಲಿ ಹುಳು ಪೂರ್ತಿ ಓದಿ ಮುಗಿಸಿರುತ್ತದೆ" ಎನ್ನುತ್ತಾರೆ. ಅವರ ಮಾತನ್ನು ತಳ್ಳಿಹಾಕಲಾರೆ, ಮುಟ್ಟಿದರೆ ಪುಡಿಯಾಗುವ ಪುಟಗಳನ್ನು ನಾನೂ ನೋಡಿದ್ದೇನೆ. ಈಚೆಗೆ ಅವರು ಹಳೆಯ ವಾಚನಾಲಯವೊಂದರಿಂದ ಎತ್ತಿಕೊಂಡು ಬಂದು ಸ್ಕ್ಯಾನ್ ಮಾಡಿದ ಸಂಪುಟವೊಂದರ ಕಡತ ಕಳಿಸಿದರು. ಕಡತದ ಹೆಸರು ಬರೀ ಅಂಕಿಗಳು. ಯಾವ ಪತ್ರಿಕೆ, ಯಾವ ವರ್ಷದ್ದು ಎಂದು ಫೋನ್ ಮಾಡಿ ಕೇಳಿದೆ.

"ಮೊದಲ ಪುಟ ಇರಲಿಲ್ಲ ಸಾರ್, ನೀವೇ ಓದಿ ಹೇಳಬೇಕು" ಎಂದರು.